ಪ್ರೌಢಶಾಲೆಯ ತಾರಸಿ ಸೋರುತ್ತಿದೆ, ಒಂದು ಕೊಠಡಿಯಲ್ಲಿ ಕಂಬಿ ಕಾಣುತ್ತಿದೆ: ಮಳೆಗಾಲಕ್ಕೆ ಮುಂಚೆ ಏನು ಮಾಡಿಸಬೇಕು?

ಪ್ರಶ್ನೆ | ಹಾಜರಿಪುಸ್ತಕ

ಮಲೆನಾಡಿನ ಅಂಚಿನ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆ, 180 ಮಕ್ಕಳು. 1994ರಲ್ಲಿ ಕಟ್ಟಿದ ಒಂದೇ ಸಾಲಿನ ನಾಲ್ಕು ಕೊಠಡಿ, ಮುಂದೆ ವರಾಂಡ, ಮೇಲೆ ಆರ್‌ಸಿಸಿ ತಾರಸಿ. ಪ್ರತಿ ಕೊಠಡಿ ಸುಮಾರು 7.3 ಮೀ. × 6 ಮೀ. ವರಾಂಡ ಸೇರಿ ತಾರಸಿ 30 ಮೀ. ಉದ್ದ, 8 ಮೀ. ಅಗಲ. ನೀರು ಇಳಿಯಲು ಹಿಂಭಾಗದಲ್ಲಿ 3 ಇಂಚಿನ ಎರಡೇ ಪೈಪು. ಅದರಲ್ಲಿ ಒಂದರ ಬಾಯಲ್ಲಿ ಅರಳಿ ಗಿಡ ಬೆಳೆದಿದೆ. ಮೇಲೆ ಹತ್ತಲು ಮೆಟ್ಟಿಲಿಲ್ಲ, ಏಣಿ ತರಿಸಬೇಕು.

ಎರಡು ವರ್ಷದ ಹಿಂದೆ ಬಿಳಿ ಬಣ್ಣದ ವಾಟರ್‌ಪ್ರೂಫ್ ಬಳಿಸಿದ್ದರು. ಮೊದಲ ಮಳೆಗಾಲಕ್ಕೇ ಹಪ್ಪಳದಂತೆ ಎದ್ದಿತು. ಈಗ ಎಲ್ಲ ಕೊಠಡಿಗಳಲ್ಲೂ ಕಲೆ ಇದೆ. ಎರಡನೇ ಕೊಠಡಿಯಲ್ಲಿ ಫ್ಯಾನಿನ ಹತ್ತಿರ ಸುಮಾರು 3 ಅಡಿ × 2 ಅಡಿ ಕಾಂಕ್ರೀಟ್ ಬಿದ್ದು ತುಕ್ಕು ಹಿಡಿದ ಕಂಬಿ ಕಾಣುತ್ತಿದೆ. ಮಕ್ಕಳನ್ನು ಬೇರೆ ಕಡೆ ಕೂರಿಸುತ್ತಿದ್ದೇವೆ.

ಊರಿನ ಮೇಸ್ತ್ರಿ ಮೇಲೆ 2 ಇಂಚು ಕಾಂಕ್ರೀಟ್ ಹಾಕಿ ಎನ್ನುತ್ತಾರೆ. ಸಮಿತಿಯ ಸದಸ್ಯರೊಬ್ಬರು ತಗಡಿನ ಶೀಟು ಹೊದಿಸೋಣ ಎನ್ನುತ್ತಾರೆ. ಕೈಯಲ್ಲಿರುವುದು ಶಾಲಾ ಅನುದಾನ ಮಾತ್ರ. ಈಗ ಫೆಬ್ರವರಿ. ಯಾವುದು ಮೊದಲು, ಯಾವುದು ನಂತರ, ಯಾರಿಗೆ ಬರೆಯಬೇಕು? ತಿಳಿದವರು ವಿವರವಾಗಿ ಹೇಳಿದರೆ ಉಪಕಾರವಾಗುತ್ತದೆ.

---

ಉತ್ತರ 1 | ತೂಗುಗುಂಡು

ಮೇಷ್ಟ್ರೇ, 2 ಇಂಚು ಕಾಂಕ್ರೀಟ್ ಬೇಡವೇ ಬೇಡ. ಒಂದು ಕೊಠಡಿಯ ಮೇಲೆ 44 ಚದರ ಮೀಟರ್ ತಾರಸಿ ಇದೆ. ಅಲ್ಲಿ 2 ಇಂಚು ಕಾಂಕ್ರೀಟ್ ಹಾಕಿದರೆ 5 ಟನ್ನಿಗೂ ಹೆಚ್ಚು ಹೊಸ ಭಾರ. ಕೆಳಗಿನ ಕಂಬಿ ತುಕ್ಕು ಹಿಡಿದು ಸಣ್ಣದಾಗಿರುವಾಗ ಮೇಲಿನಿಂದ ಭಾರ ಏರಿಸುವುದು ಅಪಾಯ. ಹಳೆಯ ಸರ್ಕಾರಿ ಕಟ್ಟಡಗಳಲ್ಲಿ ಹೀಗೆ ಒಂದರ ಮೇಲೊಂದು ಎರಡು ಮೂರು ಪದರ ಕೂತಿರುವುದುಂಟು. ನಿಮ್ಮಲ್ಲಿ ಈಗಾಗಲೇ ಇಟ್ಟಿಗೆ ಚೂರಿನ ಕೋಬಾ (ನೀರು ಇಳಿಯದಂತೆ ತಾರಸಿಯ ಮೇಲೆ ಇಟ್ಟಿಗೆ ಚೂರು, ಗಾರೆ ಸೇರಿಸಿ ಹಾಕುವ ದಪ್ಪ ಪದರ) ಇದೆಯೇ ಎಂದು ಮೊದಲು ನೋಡಿ. ನೀರಿನ ಪೈಪಿನ ಬಾಯಲ್ಲಿ ಇಣುಕಿದರೆ ಪದರಗಳು ಕಾಣುತ್ತವೆ. 4 ಇಂಚು ಕೋಬಾ ಇದ್ದರೆ ಒಂದು ಕೊಠಡಿಯ ಮೇಲೆ ಸುಮಾರು 8 ಟನ್ ಆಗಲೇ ಕೂತಿದೆ.

ಇವತ್ತೇ ಆಗಬೇಕಾದದ್ದು: ಎರಡನೇ ಕೊಠಡಿಗೆ ಬೀಗ. ಆ ಕೊಠಡಿಯ ಲೈಟು ಫ್ಯಾನಿನ ಎಂಸಿಬಿ (ವಿದ್ಯುತ್ ಕಡಿಯುವ ಸ್ವಿಚ್) ಕೆಳಗಿಳಿಸಿ. ನೀರು ತಾರಸಿಯೊಳಗೆ ಹುದುಗಿಸಿದ ವಿದ್ಯುತ್ ಪೈಪಿಗೆ ಸೇರಿಕೊಂಡು ಫ್ಯಾನಿನ ಡಬ್ಬಿಯಲ್ಲಿ ಇಳಿಯುತ್ತದೆ. ಫ್ಯಾನಿನ ಸುತ್ತಲೇ ಕಾಂಕ್ರೀಟ್ ಬಿದ್ದಿರುವುದಕ್ಕೆ ಬಹುಶಃ ಇದೇ ಕಾರಣ. ಹಾಗಾಗಿ ತೂತು ಫ್ಯಾನಿನ ನೇರ ಮೇಲೆ ಇರಬೇಕೆಂದಿಲ್ಲ, ಎರಡು ಮೂರು ಮೀಟರ್ ಆಚೆಗೂ ಇರಬಹುದು.

ಬೀಗ ಹಾಕುವ ಮುಂಚೆ ತಾರಸಿಗೆ ಆಸರೆಯಾಗಿ ಕಬ್ಬಿಣದ ಜಾಕಿ (ತಿರುಗಿಸಿ ಎತ್ತರ ಹೊಂದಿಸುವ ಕಂಬ) ಕೊಡಿಸಿ, ಒಂದರಿಂದ 1.2 ಮೀಟರಿಗೆ ಒಂದರಂತೆ. ಮೇಲೆ ಕೆಳಗೆ ಹಲಗೆ ಇರಲಿ. ಹಲಗೆ ತಾರಸಿಗೆ ತಾಗಿ ಬಿಗಿಯಾದರೆ ಸಾಕು. ಕೆಲಸದವರು ಹುರುಪಿನಲ್ಲಿ ತಿರುಗಿಸಿ ಎತ್ತಿದರೆ ಹೊಸ ಬಿರುಕು ಬೀಳುತ್ತದೆ.

ನಂತರ ತಪಾಸಣೆ. ಇದಕ್ಕೆ ದುಡ್ಡು ಬೇಕಿಲ್ಲ, ಒಂದು ದಿನ ಸಾಕು.

ಮೊದಲು ಸದ್ದು. ಉದ್ದನೆಯ ಗಳದ ತುದಿಗೆ ಸಣ್ಣ ಸುತ್ತಿಗೆ ಕಟ್ಟಿ ತಾರಸಿಯ ತಳವನ್ನು ಅಡಿಗೊಂದು ಸಲ ತಟ್ಟಿ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡ ಕಡೆ ಡಬ್ ಎಂದು ಟೊಳ್ಳು ಸದ್ದು ಬರುತ್ತದೆ. ಟೊಳ್ಳಿನ ಗಡಿಯನ್ನು ಸೀಮೆಸುಣ್ಣದಲ್ಲಿ ಗುರುತಿಸಿ, ಅಳೆದು, ದಿನಾಂಕದೊಂದಿಗೆ ಫೋಟೋ ತೆಗೆದಿಡಿ. ತಟ್ಟುವವರು ಹೆಲ್ಮೆಟ್ ಹಾಕಿ, ಟೊಳ್ಳಿನ ನೇರ ಕೆಳಗೆ ನಿಲ್ಲದಿರಲಿ. ನಾಲ್ಕೂ ಕೊಠಡಿ, ವರಾಂಡ, ಕಿಟಕಿಗಳ ಮೇಲೆ ಹೊರಚಾಚಿದ ಸಜ್ಜಾಗಳನ್ನೂ ಬಿಡಬೇಡಿ. ಸಜ್ಜಾ ಮೊದಲು ಕೆಡುವ ಭಾಗ. ಅದರ ಮುಖ್ಯ ಕಂಬಿ ಮೇಲ್ಭಾಗದಲ್ಲಿರುತ್ತದೆ, ಕೆಳಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಮಿಕ್ಕ ಎರಡು ಉಪಕರಣ ನಿಮ್ಮ ಪ್ರಯೋಗಾಲಯದಲ್ಲೇ ಇವೆ. ದಪ್ಪ ಅಳೆಯುವ ವರ್ನಿಯರ್ ತೆಗೆದುಕೊಂಡು, ಹೊರಬಂದ ಕಂಬಿಯನ್ನು ತಂತಿ ಬ್ರಷ್‌ನಿಂದ ಹೊಳಪು ಬರುವ ತನಕ ಉಜ್ಜಿ, ಏಣುಗಳ ನಡುವಿನ ಹೊಟ್ಟೆಯಲ್ಲಿ ಅಳೆಯಿರಿ. ಒಂದೇ ಕಂಬಿಯಲ್ಲಿ ಮೂರು ಕಡೆ ಅಳೆದು ಕಡಿಮೆ ಬಂದದ್ದನ್ನು ಬರೆದುಕೊಳ್ಳಿ. ಇನ್ನೊಂದು ಫಿನಾಫ್ತಲೀನ್. ಬಿದ್ದ ಜಾಗದ ಅಂಚಿನಲ್ಲಿ ಉಳಿಯಿಂದ ಹೊಸದಾಗಿ ಒಂದು ಚಕ್ಕೆ ಎಬ್ಬಿಸಿ, ಪುಡಿಯನ್ನು ಪೂರ್ತಿ ಊದಿ ತೆಗೆದು, ದ್ರಾವಣ ಹನಿಸಿ. ಗುಲಾಬಿ ಬಣ್ಣ ಬಂದರೆ ಕಾಂಕ್ರೀಟಿನ ಕ್ಷಾರಗುಣ ಉಳಿದಿದೆ, ಕಂಬಿಗೆ ರಕ್ಷಣೆ ಇದೆ. ಬಣ್ಣ ಬರದ ಪಟ್ಟಿ ಎಷ್ಟು ಆಳದವರೆಗೆ ಇದೆ ಎಂದು ಸ್ಕೇಲಿನಲ್ಲಿ ಅಳೆಯಿರಿ. ತಾರಸಿಯಲ್ಲಿ ಕಂಬಿಯ ಕೆಳಗೆ ಇರಬೇಕಾದ ಕಾಂಕ್ರೀಟ್ ಹೊದಿಕೆ 15–20 ಮಿ.ಮೀ. ಬಣ್ಣ ಬರದ ಆಳ ಅದನ್ನು ದಾಟಿದ್ದರೆ, ತೇವ ಸಿಕ್ಕ ಕಡೆಯೆಲ್ಲ ತುಕ್ಕು ಏಳುತ್ತದೆ. ಪುಡಿ ಊದದೆ ಹನಿಸಿದರೆ ಒಳಗಿನ ಕಾಂಕ್ರೀಟಿನ ಪುಡಿಯೇ ಗುಲಾಬಿಯಾಗಿ ದಾರಿ ತಪ್ಪಿಸುತ್ತದೆ.

ಇನ್ನು ಸೋರುವ ಜಾಗ. ಮಳೆ ನಿಂತ ಮೇಲೂ ಎರಡು ಮೂರು ದಿನ ತೊಟ್ಟಿಕ್ಕುತ್ತಿತ್ತೇ ಎಂದು ನೆನಪು ಮಾಡಿಕೊಳ್ಳಿ. ಹೌದಾದರೆ ಕೋಬಾದೊಳಗೆ ನೀರು ತುಂಬಿಕೊಂಡಿದೆ. ಅಂಥ ತಾರಸಿಯ ಮೇಲೆ ಬಳಿದ ಬಣ್ಣ ನಿಲ್ಲುವುದಿಲ್ಲ: ಬಿಸಿಲಿಗೆ ಒಳಗಿನ ತೇವ ಆವಿಯಾಗಿ ಮೇಲೆ ಒತ್ತುತ್ತದೆ, ಬಣ್ಣ ಗುಳ್ಳೆ ಎದ್ದು ಹಪ್ಪಳವಾಗುತ್ತದೆ. ನಿಮ್ಮಲ್ಲಿ ಆದದ್ದು ಇದೇ ಇರಬೇಕು. ಗೋಡೆಯ ಉದ್ದಕ್ಕೂ ಕಲೆ ಇದ್ದರೆ ಪ್ಯಾರಪೆಟ್ (ತಾರಸಿಯ ಸುತ್ತಲಿನ ಗಿಡ್ಡ ಗೋಡೆ) ಮತ್ತು ತಾರಸಿ ಸೇರುವ ಮೂಲೆ ಬಿಟ್ಟುಕೊಂಡಿದೆ. ಖಚಿತ ಮಾಡಿಕೊಳ್ಳಲು ಗಟ್ಟಿ ಸದ್ದು ಬಂದ ಕೊಠಡಿಗಳ ಮೇಲೆ ಮಾತ್ರ ಮಣ್ಣಿನ ಬದು ಕಟ್ಟಿ ಒಂದು ಇಂಚು ನೀರು ನಿಲ್ಲಿಸಿ 24 ಗಂಟೆ ನೋಡಿ. ಎರಡನೇ ಕೊಠಡಿಯ ಮೇಲೆ ನೀರು ನಿಲ್ಲಿಸಬೇಡಿ. ಅಲ್ಲಿ ಹೋಸ್ ಪೈಪಿನಿಂದ ತಗ್ಗಿನ ಕಡೆಯಿಂದ ಶುರುಮಾಡಿ ಏರುತ್ತ, ಒಂದೊಂದು ಜಾಗಕ್ಕೆ ಅರ್ಧ ಗಂಟೆ ಬಿಟ್ಟರೆ ಸಾಕು.

ಎಲ್ಲಕ್ಕಿಂತ ದೊಡ್ಡ ದೋಷ ನಿಮ್ಮ ಪ್ರಶ್ನೆಯಲ್ಲೇ ಇದೆ: 240 ಚದರ ಮೀಟರಿಗೆ 3 ಇಂಚಿನ ಎರಡೇ ಪೈಪು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಕೋಷ್ಟಕದಂತೆ ಗಂಟೆಗೆ 100 ಮಿ.ಮೀ. ಬೀಳುವ ಮಳೆಗೆ 75 ಮಿ.ಮೀ. ಪೈಪು ಸುಮಾರು 20 ಚದರ ಮೀಟರ್ ತಾರಸಿಯ ನೀರನ್ನು ಇಳಿಸುತ್ತದೆ, 100 ಮಿ.ಮೀ. ಪೈಪು ಸುಮಾರು 42. ನಿಮಗೆ 4 ಇಂಚಿನ ಆರು ಪೈಪು ಬೇಕು. ಇರುವುದು 40 ಚದರ ಮೀಟರಿಗೆ ಸಾಲುವಷ್ಟು, ಅದರಲ್ಲೂ ಅರ್ಧವನ್ನು ಅರಳಿ ಗಿಡ ಮುಚ್ಚಿದೆ. 10 ಸೆಂ.ಮೀ. ನೀರು ನಿಂತರೆ ಚದರ ಮೀಟರಿಗೆ 100 ಕೆ.ಜಿ. ಜನ ಓಡಾಡದ ತಾರಸಿಗೆ ವಿನ್ಯಾಸದಲ್ಲಿ ಹಿಡಿಯುವ ಹೊರೆ 75 ಕೆ.ಜಿ. ಮಾತ್ರ. ಈ ಪೈಪು ಸರಿಪಡಿಸದೆ ಯಾವ ಕಂಪನಿಯ ಯಾವ ರಾಸಾಯನಿಕ ಬಳಿದರೂ ಪ್ರಯೋಜನವಿಲ್ಲ.

---

ಉತ್ತರ 2 | ಅಳತೆಪುಸ್ತಕ

ತಾಂತ್ರಿಕ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಕಡತದ ದಾರಿ ಹೇಳುತ್ತೇನೆ.

ಮೊದಲು, ಎರಡು ವರ್ಷದ ಹಿಂದಿನ ಬಿಳಿ ಬಣ್ಣದ ಕಾರ್ಯಾದೇಶ ಹುಡುಕಿ. ಅದರಲ್ಲಿ ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರರೇ ಸರಿಪಡಿಸಿಕೊಡಬೇಕಾದ ಅವಧಿ) ಎಂಬ ಷರತ್ತು ಇರುತ್ತದೆ. ಅವಧಿ ಇನ್ನೂ ಮುಗಿದಿಲ್ಲವಾದರೆ, ತಾರಸಿಯನ್ನು ಮುಟ್ಟುವ ಮುಂಚೆ ಫೋಟೋ ಸಮೇತ ಕಾಮಗಾರಿ ಮಾಡಿಸಿದ ಕಚೇರಿಗೆ ಪತ್ರ ಬರೆದು ಸ್ವೀಕೃತಿ ಪಡೆಯಿರಿ. ಗುತ್ತಿಗೆದಾರರ ಭದ್ರತಾ ಠೇವಣಿ ಇನ್ನೂ ಅಲ್ಲೇ ಇರಬಹುದು. ನೀವು ಕೆರೆಸಿ ಬೇರೆ ಏನಾದರೂ ಬಳಿಸಿಬಿಟ್ಟರೆ, ಯಾರ ಕೆಲಸ ಕೆಟ್ಟಿತು ಎಂದು ಆಮೇಲೆ ಸಾಬೀತು ಮಾಡಲಾಗುವುದಿಲ್ಲ.

ಎರಡನೆಯದು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಅವರಿಗೆ ಪತ್ರ. ಪ್ರತಿ ನಿಮ್ಮ ಕಟ್ಟಡ ನೋಡಿಕೊಳ್ಳುವ ಇಂಜಿನಿಯರಿಂಗ್ ಉಪವಿಭಾಗದ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಅವರಿಗೆ. ಅದು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವೋ ಲೋಕೋಪಯೋಗಿಯೋ ಎಂಬುದು ಬಿಇಒ ಕಚೇರಿಯ ಆಸ್ತಿ ವಹಿಯಲ್ಲಿ ಸಿಗುತ್ತದೆ. ಪತ್ರದಲ್ಲಿ "ಕಟ್ಟಡ ಶಿಥಿಲವಾಗಿದೆ, ಸೂಕ್ತ ಕ್ರಮ ಕೈಗೊಳ್ಳಿ" ಎಂದಷ್ಟೇ ಬರೆದರೆ ಅದು ಕಡತಕ್ಕೆ ಸೇರಿ ಮಲಗುತ್ತದೆ. ಹೀಗೆ ಬರೆಯಿರಿ: ಯಾವ ಕೊಠಡಿ, ಎಷ್ಟು ಚದರ ಮೀಟರ್ ಟೊಳ್ಳು, ಎಷ್ಟು ಬಿದ್ದಿದೆ, ಕಂಬಿಯ ಅಳತೆ ಎಷ್ಟು, ಯಾವ ದಿನಾಂಕದಿಂದ ಬೀಗ ಹಾಕಲಾಗಿದೆ, ಎಷ್ಟು ಮಕ್ಕಳನ್ನು ಎಲ್ಲಿಗೆ ಸ್ಥಳಾಂತರಿಸಲಾಗಿದೆ. ಕೊನೆಗೆ ಜಂಟಿ ಸ್ಥಳ ಪರಿಶೀಲನೆಗೆ ದಿನ ಕೇಳಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ನಡಾವಳಿಯ ಪ್ರತಿ ಲಗತ್ತಿಸಿ. ಶಾಲೆಗಳ ಮಾಹಿತಿ ದಾಖಲಿಸುವ ಯುಡೈಸ್‌ನಲ್ಲಿ ಆ ಕೊಠಡಿಯನ್ನು ಇನ್ನೂ ಸುಸ್ಥಿತಿ ಎಂದೇ ತೋರಿಸಿದ್ದರೆ ದೊಡ್ಡ ದುರಸ್ತಿ ಎಂದು ತಿದ್ದಿಸಿ. ಅಲ್ಲೊಂದು ಇಲ್ಲೊಂದು ಇದ್ದರೆ ಮೇಲಿನ ಕಚೇರಿಯಲ್ಲಿ ಮೊದಲ ಆಕ್ಷೇಪಣೆ ಅದರ ಮೇಲೇ ಬರುತ್ತದೆ.

ಹಣ. ಸಮಗ್ರ ಶಿಕ್ಷಣದ ಮಾರ್ಗಸೂಚಿಯಲ್ಲಿ 101ರಿಂದ 250 ಮಕ್ಕಳ ಶಾಲೆಗೆ ವರ್ಷಕ್ಕೆ 50,000 ರೂ. ಸಂಯುಕ್ತ ಅನುದಾನ, ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ. ಇದರಲ್ಲಿ ತಾರಸಿ ರಿಪೇರಿ ಆಗುವುದಿಲ್ಲ, ಆಗಿಸಲು ಹೋಗಬೇಡಿ. ಅರಳಿ ಗಿಡ ಕೀಳಿಸುವುದು, ಪೈಪು ತೆರೆಸುವುದು, ಜಾಕಿ ಬಾಡಿಗೆ, ಎಂಸಿಬಿ, ಏಣಿ ಇಂಥವಕ್ಕೆ ಸಮಿತಿಯ ಠರಾವು ಮಾಡಿ, ಮೂರು ದರಪಟ್ಟಿ ಪಡೆದು ಬಳಸಿ. ಮಾರ್ಚ್ 31ರೊಳಗೆ ಬಿಲ್ಲು ಮುಗಿಯಲಿ.

ದೊಡ್ಡ ಕೆಲಸಕ್ಕೆ ಅಂದಾಜು ಪಟ್ಟಿ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಆಮೇಲೆ ಟೆಂಡರ್. ದುರಸ್ತಿ ರಾಜಸ್ವ ವೆಚ್ಚ, ಹೊಸ ನಿರ್ಮಾಣ ಬಂಡವಾಳ ವೆಚ್ಚ. ಲೆಕ್ಕ ಶೀರ್ಷಿಕೆ ಬೇರೆ ಬೇರೆ. ತಾರಸಿ ದುರಸ್ತಿಯನ್ನೂ ಹೊಸ ಕೊಠಡಿಯನ್ನೂ ಒಂದೇ ಅಂದಾಜಿನಲ್ಲಿ ತುರುಕಿದರೆ ಕಡತ ವಾಪಸ್ ಬರುತ್ತದೆ. ಹಾಗೆಯೇ ಒಂದೇ ತಾರಸಿಯ ಕೆಲಸವನ್ನು ಟೆಂಡರ್ ಮಿತಿಯ ಕೆಳಗೆ ತರಲು ಕೊಠಡಿಗೊಂದರಂತೆ ತುಂಡು ಮಾಡುವುದು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ, 1999ಕ್ಕೆ ವಿರುದ್ಧ. ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬಿದ್ದಾಗ ಸಹಿ ಹಾಕಿದ ಮುಖ್ಯಶಿಕ್ಷಕರೂ ಉತ್ತರ ಕೊಡಬೇಕಾಗುತ್ತದೆ.

ಅಂದಾಜು ಪಟ್ಟಿಯ ಪ್ರತಿ ನಿಮ್ಮ ಕೈಗೆ ಬಂದಾಗ "ವಾಟರ್‌ಪ್ರೂಫಿಂಗ್, 240 ಚ.ಮೀ." ಎಂಬ ಒಂದೇ ಸಾಲು ಇದ್ದರೆ ಇಂಜಿನಿಯರ್ ಅವರ ಹತ್ತಿರ ಕೂತು ಬಿಡಿಸಿ ಬರೆಸಿ. ಹಳೆಯ ಪದರ ತೆಗೆಯುವುದು, ಇಳಿಜಾರು, ಗೋಲಾ (ಪ್ಯಾರಪೆಟ್ ಬುಡದ ಮೂಲೆಗೆ ದುಂಡಗೆ ಮೆತ್ತುವ ಗಾರೆ), ಲೇಪನ, ಪೈಪು, ಪ್ಯಾರಪೆಟ್ ರಿಪೇರಿ ಎಲ್ಲವೂ ಬೇರೆ ಬೇರೆ ಬಾಬು ಆಗಿರಬೇಕು. ಲೇಪನ ಪ್ಯಾರಪೆಟ್ ಮೇಲೆ 300 ಮಿ.ಮೀ. ಏರಬೇಕು. ನಿಮ್ಮ ತಾರಸಿಯ ಸುತ್ತಳತೆ 76 ಮೀ., ಅಂದರೆ ಇನ್ನೂ 23 ಚದರ ಮೀಟರ್. ಅದು ಅಂದಾಜಿನಲ್ಲಿ ಇಲ್ಲದಿದ್ದರೆ ಗುತ್ತಿಗೆದಾರರು ಮೂಲೆಯಲ್ಲೇ ನಿಲ್ಲಿಸುತ್ತಾರೆ, ನೀರು ಅಲ್ಲಿಂದಲೇ ಇಳಿಯುತ್ತದೆ.

---

ಉತ್ತರ 3 | ಅಡಿಕೆಸಿಪ್ಪೆ

ಶೀಟಿನ ಬಗ್ಗೆ. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗಿನ ಕಡೆ ಆರ್‌ಸಿಸಿ ಮೇಲೆ ತಗಡು ಹೊದಿಸುವುದು ಸಾಮಾನ್ಯ, ಜೋರು ಮಳೆಯ ಊರಿಗೆ ಅದು ಒಳ್ಳೆಯ ಉಪಾಯವೇ. ಭಾರ ಕಡಿಮೆ, ಬೇಸಿಗೆಯಲ್ಲಿ ಕೊಠಡಿಯೂ ತಂಪು. ಆದರೆ ಕಂಬಿಗೆ ಹಿಡಿದ ತುಕ್ಕನ್ನು ಅದು ವಾಸಿ ಮಾಡುವುದಿಲ್ಲ. ಟೊಳ್ಳು ಬಿಟ್ಟ ಕಾಂಕ್ರೀಟ್ ಶೀಟಿನ ಕೆಳಗೂ ಬೀಳುತ್ತದೆ. ಮೊದಲು ತಳದ ರಿಪೇರಿ, ಆಮೇಲೆ ಶೀಟು.

ಮಾಡಿಸುವುದಾದರೆ ಕಂಬಗಳು ಗೋಡೆಯ ಅಥವಾ ತೊಲೆಯ ನೇರಕ್ಕೇ ಬರಬೇಕು, ತಾರಸಿಯ ನಡುವೆ ಊರಬಾರದು. ತಳದ ಪ್ಲೇಟಿಗೆ ಹಾಕುವ ಬೋಲ್ಟಿನ ತೂತೇ ಹೊಸ ಸೋರಿಕೆಯಾಗುವುದರಿಂದ ಪ್ಲೇಟನ್ನು 4 ಇಂಚು ಎತ್ತರದ ಕಾಂಕ್ರೀಟ್ ದಿಂಡಿನ ಮೇಲೆ ಕೂರಿಸಿ. ಶೀಟು 0.5 ಮಿ.ಮೀ. ಇರಲಿ. ಸ್ಕ್ರೂ ರಬ್ಬರ್ ವಾಷರ್ ಸಮೇತ ಶೀಟಿನ ಏಣಿನ ಮೇಲೆ ಹೊಡೆಯಬೇಕು. ತಗ್ಗಿನಲ್ಲಿ ಹೊಡೆದರೆ ನೀರು ಹರಿಯುವ ದಾರಿಯಲ್ಲೇ ತೂತು. ಅಂಚು ಪ್ಯಾರಪೆಟ್ಟಿನಿಂದ 2 ಅಡಿ ಹೊರಗೆ ಚಾಚಲಿ. ಚಾಚಿದ ಅಂಚನ್ನೇ ಗಾಳಿ ಮೊದಲು ಎತ್ತುವುದರಿಂದ ಅಲ್ಲಿ ಸ್ಕ್ರೂ ಹತ್ತಿರ ಹತ್ತಿರ ಬೇಕು. ತಗ್ಗಿನ ಬದಿಯಲ್ಲೂ ಒಬ್ಬರು ಬಗ್ಗಿ ಹೋಗಿ ಗುಡಿಸುವಷ್ಟು, ನಾಲ್ಕು ಅಡಿಯಾದರೂ ಎತ್ತರ ಇರಲಿ. ಇಲ್ಲದಿದ್ದರೆ ತರಗೆಲೆ, ಇಲಿ, ಪಾರಿವಾಳ ಎಲ್ಲ ಅಲ್ಲೇ ಸೇರಿ ಹಳೆಯ ಪೈಪು ಮತ್ತೆ ಕಟ್ಟುತ್ತದೆ.

---

ಹಾಜರಿಪುಸ್ತಕ

ಎಲ್ಲರಿಗೂ ಧನ್ಯವಾದ. ತಟ್ಟಿ ನೋಡಿದೆವು. 1, 3, 4ನೇ ಕೊಠಡಿ ಗಟ್ಟಿ. 3ರಲ್ಲಿ ಮೂಲೆಯಲ್ಲಿ ಒಂದು ಚದರ ಅಡಿ ಟೊಳ್ಳು. 2ರಲ್ಲಿ ಬಿದ್ದ ಜಾಗ ಬಿಟ್ಟು ಇನ್ನೂ 9 ಚದರ ಮೀಟರ್ ಟೊಳ್ಳಿದೆ. ಕಂಬಿ: 10 ಮಿ.ಮೀ. ಇರಬೇಕಾದದ್ದು 8.7, 8 ಮಿ.ಮೀ. ಇರಬೇಕಾದದ್ದು 6.4. ಫಿನಾಫ್ತಲೀನ್ 28 ಮಿ.ಮೀ. ಆಳದವರೆಗೆ ಬಣ್ಣ ಕೊಡಲಿಲ್ಲ. ಪೈಪಿನ ಬಾಯಲ್ಲಿ ನೋಡಿದರೆ ಸುಮಾರು 3 ಇಂಚು ಕೋಬಾ ಇದೆ.

---

ತೂಗುಗುಂಡು

ಇಷ್ಟು ಮಾಹಿತಿ ಇದ್ದರೆ ಯಾವ ಇಂಜಿನಿಯರ್ ಆದರೂ ನಿಮ್ಮ ಪತ್ರವನ್ನು ಪಕ್ಕಕ್ಕಿಡಲಾರರು.

ಕಂಬಿಯ ಬಲ ಅದರ ಅಡ್ಡಕೊಯ್ತದ ವಿಸ್ತೀರ್ಣದಲ್ಲಿದೆ, ಅದು ವ್ಯಾಸದ ವರ್ಗಕ್ಕೆ ಹೊಂದಿಕೊಂಡಿದೆ. 10 ಇದ್ದದ್ದು 8.7 ಆದರೆ ವ್ಯಾಸದಲ್ಲಿ ಶೇ. 13 ಕಡಿಮೆ ಎನಿಸುತ್ತದೆ, ವಿಸ್ತೀರ್ಣದಲ್ಲಿ ಶೇ. 24 ಹೋಗಿದೆ. 8 ಇದ್ದದ್ದು 6.4 ಆದರೆ ಶೇ. 36. ಇಷ್ಟು ಹೋದ ಮೇಲೆ ಬರೀ ಗಾರೆ ಮೆತ್ತುವುದು ಸಲ್ಲದು. ಹೊಸ ಕಂಬಿ ಸೇರಿಸಬೇಕು ಅಥವಾ ಆ ಕೊಠಡಿಯ ತಾರಸಿಯನ್ನೇ ತೆಗೆದು ಹೊಸದು ಹಾಕಬೇಕು. ಅದನ್ನು ವಿನ್ಯಾಸ ಲೆಕ್ಕ ಹಾಕುವ ಇಂಜಿನಿಯರ್ ನಿರ್ಧರಿಸಲಿ. ನೀವು ಪತ್ರದಲ್ಲಿ 2ನೇ ಕೊಠಡಿಗೆ ದುರಸ್ತಿ ಕೇಳಬೇಡಿ, ಸುಸ್ಥಿತಿ ಪರೀಕ್ಷೆಯ ವರದಿ ಕೇಳಿ. ಅದು ಬರುವ ತನಕ ಬೀಗ ತೆಗೆಯಬಾರದು, ಮಕ್ಕಳ ಪರೀಕ್ಷೆ ಬರೆಸಲು ಕೊಠಡಿ ಸಾಲದು ಎಂಬ ಕಾರಣಕ್ಕೂ ತೆಗೆಯಬಾರದು.

3ನೇ ಕೊಠಡಿಯ ಮೂಲೆಯನ್ನು ಈಗಲೇ ಸರಿಪಡಿಸಬಹುದು. ಟೊಳ್ಳನ್ನು ಪೂರ್ತಿ ಕೆತ್ತಿ, ತುಕ್ಕಿಲ್ಲದ ಕಂಬಿ ಕಾಣುವ ತನಕ, ಅದರಾಚೆಗೂ 4 ಇಂಚು ಹೋಗಿ. ಕಂಬಿಯ ಹಿಂದೆ ಬೆರಳು ಆಡುವಷ್ಟು, ಸುಮಾರು 20 ಮಿ.ಮೀ., ಜಾಗ ಬಿಡಿಸಿ. ಕಂಬಿಯನ್ನು ಸುತ್ತಲೂ ಉಜ್ಜಿ ತುಕ್ಕುನಿರೋಧಕ ಲೇಪ ಎರಡು ಕೋಟ್. ಬಹುಪಾಲು ರಿಪೇರಿ ಸೋಲುವುದು ಇಲ್ಲೇ: ಕಾಣುವ ಮುಂಭಾಗಕ್ಕೆ ಮಾತ್ರ ಬಳಿದು ಹಿಂಭಾಗದ ತುಕ್ಕನ್ನು ಹಾಗೇ ಬಿಡುತ್ತಾರೆ. ತುಕ್ಕು ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ಜಾಗ ತಿನ್ನುತ್ತದೆ, ಹೊಸ ಗಾರೆಯನ್ನು ಅದೇ ತಳ್ಳಿ ಬೀಳಿಸುತ್ತದೆ. ಆಮೇಲೆ ಬಂಧಕ ಲೇಪ. ಅದು ಅಂಟಂಟಾಗಿರುವಾಗಲೇ ಪಾಲಿಮರ್ ಗಾರೆ: ಸಿಮೆಂಟ್ 1, ಮರಳು 3, 50 ಕೆ.ಜಿ. ಚೀಲಕ್ಕೆ 5ರಿಂದ 7 ಲೀಟರ್ ಪಾಲಿಮರ್ ದ್ರವ. ಒಂದು ಸಲಕ್ಕೆ 10–12 ಮಿ.ಮೀ. ದಪ್ಪಕ್ಕಿಂತ ಹೆಚ್ಚು ಮೆತ್ತಿದರೆ ತನ್ನ ಭಾರಕ್ಕೇ ಜೋತು ಬೀಳುತ್ತದೆ. ಎರಡು ದಿನ ತೇವವಿಟ್ಟು ನಂತರ ಗಾಳಿಗೆ ಒಣಗಲಿ.

1, 3, 4ರ ತಾರಸಿಗೆ: ಕೋಬಾ ನೀರು ಕುಡಿದು ಸಡಿಲವಾಗಿದ್ದರೆ ಕೈ ಉಳಿಯಿಂದ ತೆಗೆಸಿ, ಬ್ರೇಕರ್ ಯಂತ್ರ ಹತ್ತಿಸಬೇಡಿ. ತೆಗೆದ ಚೂರನ್ನು ತಾರಸಿಯ ಮೇಲೆ ರಾಶಿ ಹಾಕದೆ ಆಗಿಂದಾಗ್ಗೆ ಇಳಿಸಲಿ. ತೆಗೆದ ಮೇಲೆ ಒಂದು ವಾರವಾದರೂ ಏಪ್ರಿಲ್ ಬಿಸಿಲಿಗೆ ಒಣಗಬೇಕು. ಇಳಿಜಾರು 100ಕ್ಕೆ 1. ಪೈಪಿನ ಬಾಯಿ ಸುತ್ತಲಿನ ಮಟ್ಟಕ್ಕಿಂತ ತಗ್ಗಿನಲ್ಲಿರಬೇಕು. ಮೇಲೆ ಪದರ ಹಾಕಿ ಬಾಯಿಯನ್ನು ಹಳೆಯ ಮಟ್ಟದಲ್ಲೇ ಬಿಟ್ಟು, ಸುತ್ತ ಬದುವಿನಂತೆ ಮಾಡುವ ತಪ್ಪು ತುಂಬ ಕಡೆ ಆಗುತ್ತದೆ. ಹೊಸ ತೂತುಗಳನ್ನು ಪ್ಯಾರಪೆಟ್ಟಿನ ಬುಡದಲ್ಲಿ ಕೋರ್ ಯಂತ್ರದಿಂದ ಕೊರೆಸಿ. ಬಾಯಿಗೆ ಚಪ್ಪಟೆ ಜಾಲರಿ ಬೇಡ, ಒಂದು ತೇಗದ ಎಲೆ ಬಿದ್ದರೆ ಮುಚ್ಚಿಹೋಗುತ್ತದೆ, ಗುಮ್ಮಟದಾಕಾರದ್ದು ಹಾಕಿಸಿ. ಅರಳಿ ಗಿಡವನ್ನು ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೇರು ಹೋದಷ್ಟು ದೂರ ಪ್ಯಾರಪೆಟ್ ಇಟ್ಟಿಗೆ ಬಿಚ್ಚಿ, ಬೇರು ತೆಗೆದು, ಹೊಸದಾಗಿ ಕಟ್ಟಬೇಕು. ಮೂಲೆಗೆ 75 ಮಿ.ಮೀ. ಗೋಲಾ, ಅದರ ಮೇಲೆ ಜಾಲರಿ ಬಟ್ಟೆ ಸೇರಿಸಿ ಎರಡು ಕೋಟ್ ಲೇಪನ, ಮೊದಲನೆಯದು ಉದ್ದಕ್ಕೆ, ಎರಡನೆಯದು ಅಡ್ಡಕ್ಕೆ. ಕೊನೆಗೆ ನೀರು ನಿಲ್ಲಿಸುವ ಪರೀಕ್ಷೆ 48 ಗಂಟೆ, ನಿಮ್ಮ ಎದುರಿಗೇ ಆಗಲಿ.

---

ಅಳತೆಪುಸ್ತಕ

ಒಂದು ಸೇರಿಸುತ್ತೇನೆ. ಲೇಪನದ ಡಬ್ಬಿಗಳನ್ನು ಎಣಿಸಿ. ಸಿಮೆಂಟ್ ಆಧಾರಿತ ಲೇಪನ ಚದರ ಮೀಟರಿಗೆ ಕೋಟ್‌ಗೆ 1 ಕೆ.ಜಿ. ಎಂದು ಉತ್ಪನ್ನದ ಮಾಹಿತಿ ಪತ್ರದಲ್ಲಿದ್ದರೆ, 263 ಚದರ ಮೀಟರಿಗೆ ಎರಡು ಕೋಟ್ ಎಂದರೆ 526 ಕೆ.ಜಿ. 2ನೇ ಕೊಠಡಿ ಬಿಟ್ಟು ಮಾಡಿಸಿದರೆ ಅದಕ್ಕೆ ತಕ್ಕಂತೆ ಕಡಿಮೆ. ಬಂದ ದಿನ ಮೊಹರು ಇರುವಾಗ ಒಂದು ಫೋಟೋ, ಮುಗಿದ ದಿನ ಖಾಲಿ ಡಬ್ಬಿಗಳ ಒಂದು ಫೋಟೋ. ಇಂಜಿನಿಯರ್ ಮುಗಿದ ಕೆಲಸವನ್ನು ಅಳೆದು ಅಳತೆ ಪುಸ್ತಕದಲ್ಲಿ ದಾಖಲಿಸುವ ದಿನ ಸ್ಥಳದಲ್ಲಿ ಹಾಜರಿದ್ದು ಈ ಲೆಕ್ಕ ಮುಂದಿಡಿ. ಬಣ್ಣ ಒಣಗಿದ ಮೇಲೆ ಒಂದು ಕೋಟೋ ಎರಡೋ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ.

ಅಂದಾಜಿನಲ್ಲಿ ಗೋಡೆಗೆ ಕಬ್ಬಿಣದ ಏಣಿ ಒಂದು ಬಾಬು ಇರಲಿ, ಕೆಳಗಿನ 8 ಅಡಿ ಬಿಚ್ಚಿಡುವಂಥದ್ದು, ಮಕ್ಕಳು ಹತ್ತಬಾರದು. ಹತ್ತಲು ದಾರಿ ಇಲ್ಲದ ತಾರಸಿಯನ್ನು ಯಾರೂ ಗುಡಿಸುವುದಿಲ್ಲ. ಮೇ ಕೊನೆಯ ವಾರ ಒಮ್ಮೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹದಿನೈದು ದಿನಕ್ಕೊಮ್ಮೆ, ದೀಪಾವಳಿ ಮುಗಿದ ಮೇಲೆ ಒಮ್ಮೆ, ಆರು ಪೈಪಿನ ಬಾಯನ್ನೂ ಕೈಹಾಕಿ ತೆರೆದು, ಒಂದು ಬಕೆಟ್ ನೀರು ಸುರಿದು ಕೆಳಗೆ ಬಂತೇ ಎಂದು ನೋಡಿ, ದಿನಾಂಕ ಬರೆದು ಸಹಿ ಹಾಕಿಸಿ. ಮಕ್ಕಳನ್ನು ಈ ಕೆಲಸಕ್ಕೆ ಹತ್ತಿಸಬೇಡಿ.